ಭೋಗ್ಯದ ಟವರು

ನಮ್ಮ ಭಾವ ಜೀವನದಲ್ಲಿ ಒಂದು ತಿಂಗಳೂ ಬಾಡಿಗೆ ಕಟ್ಟಿದವರಲ್ಲ. ಅವರಿಗೆ ಅದೊಂದು ದೊಡ್ಡ ಹೆಮ್ಮೆ. ಒಂಟಿಕೊಪ್ಪಲಿನಲ್ಲಿ ಅವರೂ ನಮ್ಮಕ್ಕನೂ ಇದ್ದ ಮನೆ ಭೋಗ್ಯದ್ದು, ಅದಕ್ಕೂ ಮುಂಚೆ ಇದ್ದದ್ದು ಭೋಗ್ಯದ್ದೇ. ಮಾಲೀಕರ ಕೈಗೆ ಒಂದೇ ಸಲ ದೊಡ್ಡ ಗಂಟು ಕೊಟ್ಟುಬಿಡುವುದು, ಕರಾರು ಮುಗಿಯುವವರೆಗೆ ಬಾಡಿಗೆಯ ಮಾತಿಲ್ಲದೆ ಇರುವುದು, ಬಿಡುವ ದಿನ ಕೊಟ್ಟ ಗಂಟನ್ನು ಹಾಗೇ ವಾಪಸ್ ಪಡೆಯುವುದು. ಮೈಸೂರಿನಲ್ಲಿ ಎಷ್ಟೋ ಸಂಸಾರಗಳು ಹೀಗೇ ಬದುಕಿವೆ. ಆ ಗಂಟು ಹಿಂದಿರುಗಿಸದೆ ಮಾಲೀಕರು ಮನೆ ಖಾಲಿ ಮಾಡಿ ಅನ್ನುವ ಹಾಗಿಲ್ಲ. "ನಮ್ ದುಡ್ಡು ಅವ್ರ ಕೈಲಿರೋ ತಂಕ ಅವ್ರೇ ನಮ್ಗೆ ಹೆದರ್ಕೊಂಡಿರ್ಬೇಕು ಕಣಮ್ಮ" ಎಂದು ಭಾವ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಈ ಮಾತನ್ನು ಮೊದಲಿಗೇ ತೆಗೆದದ್ದಕ್ಕೆ ಕಾರಣವಿದೆ. ನಮ್ಮಕ್ಕನಿಗೆ ಆದದ್ದಕ್ಕೆ ಬೈಯಲು ನನಗೆ ಒಬ್ಬ ಕೆಟ್ಟ ಮನುಷ್ಯ ಬೇಕಿತ್ತು. ತುಂಬ ಹುಡುಕಿದೆ. ನಾನು ಬಾಯಿ ಜೋರಿನವಳು, ಬೈಯಲು ಯಾರೂ ಇಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ. ಆದರೆ ಎಷ್ಟು ಹುಡುಕಿದರೂ ಕೊನೆಗೆ ಕೈಗೆ ಸಿಗುವುದು ಈ ಭೋಗ್ಯದ ಮೇಲಿನ ನಂಬಿಕೆ ಒಂದೇ.

ಭಾವನಿಗೆ ಒಂಟಿಕೊಪ್ಪಲಿನಲ್ಲೇ ಒಂದು ಮೊಬೈಲ್ ಅಂಗಡಿ. ರೀಚಾರ್ಜು, ಫೋನಿನ ಕವರು, ಗಾಜಿನ ಮೇಲೆ ಅಂಟಿಸುವ ಹಾಳೆ, ಚಾರ್ಜರು, ಇಷ್ಟೇ. ಮಕ್ಕಳಿಲ್ಲ. ನಾನು ಅಕ್ಕನ ತಂಗಿ, ನಜರ್‌ಬಾದಿನ ಒಂದು ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತೇನೆ. ಮದುವೆಯಾಗಲಿಲ್ಲ, ಆ ಕಥೆ ಇಲ್ಲಿ ಬೇಡ. ರಜೆ ಬಂದರೆ ಅಕ್ಕನ ಮನೆ, ಹುಷಾರಿಲ್ಲದಿದ್ದರೆ ಅಕ್ಕನ ಮನೆ, ಜಗಳ ಆಡಬೇಕೆನಿಸಿದರೂ ಅಕ್ಕನ ಮನೆ.

ಅಕ್ಕನ ಎರಡು ಕಿಡ್ನಿಗಳೂ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಡಯಾಲಿಸಿಸ್. ನನ್ನದು ಕೊಡೋಣವೆಂದರೆ ರಕ್ತ ಹೊಂದಲಿಲ್ಲ, ಭಾವನಿಗೆ ಸಕ್ಕರೆ ಕಾಯಿಲೆ, ಡಾಕ್ಟರು ಮುಟ್ಟಲೂ ಒಪ್ಪಲಿಲ್ಲ. ಕೊನೆಗೆ ತೀರಿಹೋದವರ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ಅಕ್ಕನ ಹೆಸರು ಬರೆಸಿದೆವು. ಅದನ್ನೆಲ್ಲ ನೋಡಿಕೊಳ್ಳುವ ಆಸ್ಪತ್ರೆಯ ಹುಡುಗಿ, ಕೋಆರ್ಡಿನೇಟರ್ ಎನ್ನುತ್ತಿದ್ದರು ಅವಳನ್ನು, ಅಕ್ಕನಿಗೆ ಒಂದೇ ಒಂದು ಮಾತನ್ನು ಒತ್ತಿ ಹೇಳಿದಳು. "ಫೋನ್ ಯಾವಾಗ್ಲೂ ಹತ್ತಬೇಕು ಅಮ್ಮ. ಕಿಡ್ನಿ ಬಂತು ಅಂದ್ರೆ ನಮಗೆ ಕಾಯೋಕೆ ಟೈಮ್ ಇರಲ್ಲ. ನೀವು ಸಿಗ್ಲಿಲ್ಲ ಅಂದ್ರೆ ನಿಮ್ಮ ಹಿಂದೆ ಇರೋರಿಗೆ ಮಾಡ್ಬಿಡ್ತೀವಿ."

ಅಕ್ಕ ಅದನ್ನು ವ್ರತದ ಹಾಗೆ ಹಿಡಿದಳು. ಹಳೇ ಸೀರೆಯ ಅಂಚಿನಲ್ಲಿ ಒಂದು ಚೀಲ ಹೊಲಿದು ಫೋನನ್ನು ಅದರಲ್ಲಿಟ್ಟು ಕೊರಳಿಗೆ ಹಾಕಿಕೊಂಡಳು. ಸ್ನಾನಕ್ಕೆ ಹೋದರೆ ಬಚ್ಚಲ ಕಿಟಕಿಯ ಮೇಲೆ, ದೇವರ ಮುಂದೆ ಕೂತರೆ ಗಂಟೆಯ ಪಕ್ಕದಲ್ಲಿ. "ತಾಳಿಗಿಂತ ಮೇಲಾಗೋಯ್ತಲ್ಲ ಕಣಕ್ಕ ಈ ಫೋನು" ಎಂದು ನಾನು ರೇಗಿಸಿದರೆ, "ತಾಳಿ ಕಟ್ಟಿದೋರು ಅಂಗಡಿ ಬುಟ್ಟು ಬರಲ್ಲ. ಇದಾದ್ರೂ ನನ್ ಜೊತೆ ಆಸ್ಪತ್ರೆಗೆ ಬರುತ್ತೆ" ಅನ್ನುತ್ತಿದ್ದಳು. ನಿಜವೇ. ಭಾವ ಅಂಗಡಿ ಬಿಡುತ್ತಿರಲಿಲ್ಲ. ಸ್ಕೂಟರಿನಲ್ಲಿ ಆಸ್ಪತ್ರೆಯ ಬಾಗಿಲಿಗೆ ಬಿಟ್ಟು ಹೊರಟುಬಿಡುತ್ತಿದ್ದರು. ಶಾಲೆ ಮುಗಿಸಿ ಹೋಗಿ ಅಕ್ಕನ ಪಕ್ಕ ಕೂರುತ್ತಿದ್ದವಳು ನಾನು.

ಆ ಕಂಪನಿ ಬಂದದ್ದು ಆಗಲೇ. ಹೊಸ ಸಿಮ್ ಕಂಪನಿ. ಅದರ ಮ್ಯಾನೇಜರ್ ಎಂಬಾತ ಒಂದು ಭಾನುವಾರ ಅಕ್ಕನ ಮನೆಗೇ ಬಂದು ಕೂತ. ಅಕ್ಕ ಕಾಫಿ ಕೊಟ್ಟಳು, ಕೋಡುಬಳೆ ಇಟ್ಟಳು. ತಮ್ಮ ಕಂಪನಿ ಒಂದು ಟವರನ್ನೂ ಕಟ್ಟುವುದಿಲ್ಲ, ದೊಡ್ಡ ಕಂಪನಿಯೊಂದರ ಟವರುಗಳನ್ನೇ ಬಳಸಿಕೊಳ್ಳುತ್ತದೆ, ಅದಕ್ಕೇ ರೀಚಾರ್ಜು ಇಷ್ಟು ಅಗ್ಗ ಎಂದು ಆತ ವಿವರಿಸಿದ. "ಅವರ ನೆಟ್‌ವರ್ಕು, ನಮ್ಮ ಹೆಸರು. ನಾವು ಮುಂಗಡ ದುಡ್ಡು ಕೊಟ್ಟು ಸಗಟಿನಲ್ಲಿ ತಗೋತೀವಿ ಸಾರ್, ಇಷ್ಟು ನಿಮಿಷ, ಇಷ್ಟು ಡೇಟಾ ಅಂತ" ಎಂದ.

ಭಾವನ ಮುಖ ಅರಳಿತು. "ಅಂದ್ರೆ ಟವರ್‌ನ ಭೋಗ್ಯಕ್ಕೆ ಆಕೊಂಡಿದೀರಿ ಅನ್ನಿ" ಅಂದರು.

ಆತ ಕೋಡುಬಳೆ ಅಗಿಯುತ್ತ, "ಹಾಗೇ ಅಂದ್ಕೊಳ್ಳಿ ಸಾರ್" ಅಂದ.

ನನಗೆ ಕೂರಲಾಗಲಿಲ್ಲ. "ಭೋಗ್ಯ ಹೇಗಾಗುತ್ತೆ ಭಾವ? ಭೋಗ್ಯದಲ್ಲಿ ಗಂಟು ಮಾಲೀಕರ ಹತ್ರ ಹಾಗೇ ಇರುತ್ತೆ. ಇವರು ಕೊಟ್ಟ ದುಡ್ಡು ದಿನಾ ಖರ್ಚಾಗ್ತಾ ಹೋಗುತ್ತೆ, ಹಾಲಿನ ಕೂಪನ್ ಥರ. ಕೂಪನ್ ಮುಗಿದ ದಿನ ಹಾಲಿಲ್ಲ" ಅಂದೆ. ಭಾವ ನನ್ನ ಕಡೆ ನೋಡಲೂ ಇಲ್ಲ. ಆತ ಹೋದ ಮೇಲೆ, "ಎಲ್ಲಾದಕ್ಕೂ ಪಾಠ ಮಾಡ್ಬೇಡ ಕಣಮ್ಮ, ಯಾಪಾರ ನಂಗೆ ಗೊತ್ತು" ಅಂದರು. ಆ ಭಾಗಕ್ಕೆಲ್ಲ ಅವರೇ ಏಜೆಂಟರಾದರು. ಅಂಗಡಿಯ ಹಳೇ ಬೋರ್ಡು ಇಳಿಯಿತು, ಹೊಸದು ಏರಿತು.

ಮೊದಲು ಬದಲಾದದ್ದು ಅಕ್ಕನ ಸಿಮ್. ನಂಬರು ಅದೇ, ಕಂಪನಿ ಬೇರೆ, ಅದಕ್ಕೆ ಪೋರ್ಟ್ ಮಾಡಿಸುವುದು ಅನ್ನುತ್ತಾರೆ. ಏಜೆಂಟನ ಹೆಂಡತಿಯ ಕೊರಳಲ್ಲೇ ಬೇರೆ ಕಂಪನಿಯ ಸಿಮ್ ನೇತಾಡುತ್ತಿದ್ದರೆ ಬೀದಿಯವರು ಏನಂದಾರು ಎನ್ನುವುದು ಭಾವನ ವಾದ. ಆಮೇಲೆ ಎದುರು ಮನೆ, ಪಕ್ಕದ ಮನೆ, ತರಕಾರಿಯವರು, ಇಸ್ತ್ರಿಯವರು, ಹೂವಿನಮ್ಮ. ಎಲ್ಲರೂ ಭಾವನ ಮಾತಿನ ಮೇಲೆ ಬದಲಾದರು. "ಟವರು ಭೋಗ್ಯಕ್ಕಿದೆ ಕಣ್ರೀ, ಯಾವನೂ ಎಬ್ಬಿಸೋಂಗಿಲ್ಲ" ಎಂದರೆ ಸಾಕು, ಆ ಬೀದಿಯಲ್ಲಿ ಅರ್ಥವಾಗದವರು ಒಬ್ಬರೂ ಇರಲಿಲ್ಲ. ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಭೋಗ್ಯದ ಮನೆಯಲ್ಲಿ ಇದ್ದವರೇ. ನಾನೊಬ್ಬಳು ಒಪ್ಪಲಿಲ್ಲ. ನನ್ನದು ಆ ದೊಡ್ಡ ಕಂಪನಿಯದೇ ಹಳೇ ಸಿಮ್, ಅದನ್ನೇ ಉಳಿಸಿಕೊಂಡೆ. ಭಾವ ಎಷ್ಟೋ ದಿನ ನನ್ನ ಜೊತೆ ಮುಖ ಊದಿಸಿಕೊಂಡೇ ಮಾತಾಡಿದರು.

ಸ್ವಲ್ಪ ಕಾಲ ಎಲ್ಲ ಸರಿಯಾಗೇ ಇತ್ತು. ನನಗೆ ಮೊದಲು ಭಯ ಹುಟ್ಟಿದ್ದು ವಿಜಯದಶಮಿಯ ದಿನ.

ಆವತ್ತು ಸಂಜೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತು. ರಸ್ತೆ ಮುಚ್ಚುವ ಮೊದಲೇ ನಾನು ಅಕ್ಕನ ಮನೆ ಸೇರಿಕೊಂಡಿದ್ದೆ. ಹೊರಗೆ ಜನ ಹೊಳೆಯ ಹಾಗೆ ಹೋಗುತ್ತಿದ್ದರು. ಅಕ್ಕ ನಡುಮನೆಯಲ್ಲಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದಳು. ನಾನು ಅಡುಗೆಮನೆಯಲ್ಲಿದ್ದೆ. ಉಪ್ಪಿನ ಡಬ್ಬಿ ಎಲ್ಲಿ ಎಂದು ಕೂಗಿ ಕೇಳುವ ಬದಲು, ತಮಾಷೆಗೆ, ಅವಳ ನಂಬರಿಗೆ ಫೋನ್ ಮಾಡಿದೆ.

"ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂದಿತು ಒಂದು ಹೆಣ್ಣಿನ ದನಿ.

ನಾನು ಬಾಗಿಲಿಗೆ ಬಂದು ನೋಡಿದೆ. ಅಕ್ಕ ಅಲ್ಲೇ ಇದ್ದಾಳೆ. ಕೊರಳಲ್ಲಿ ಫೋನು, ಮಡಿಲಲ್ಲಿ ಅಲಸಂದೆಕಾಯಿ. ಫೋನನ್ನು ಈಚೆ ತೆಗೆಸಿ ನೋಡಿದೆ, ಸಿಗ್ನಲ್ಲಿನ ಕಡ್ಡಿಗಳು ತುಂಬ ಇವೆ. ಮತ್ತೆ ಮಾಡಿದೆ. ಮತ್ತೆ ಅದೇ ದನಿ, ಅಷ್ಟೇ ಮರ್ಯಾದೆಯಿಂದ, ಆಕೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಎದುರಿಗೇ ಕೂತವಳನ್ನು ಇಲ್ಲ ಎನ್ನುತ್ತಿದೆ. ನನ್ನ ಫೋನಿನಿಂದ ಬೇರೆಯವರಿಗೆ ಕರೆ ಹೋಗುತ್ತಿತ್ತು, ಅದೇ ಟವರಿನಿಂದ, ಅದೇ ಮನೆಯೊಳಗಿಂದ. ಬನ್ನಿಮಂಟಪದಲ್ಲಿ ಅಷ್ಟೊಂದು ಜನ ಒಟ್ಟಿಗೆ ಫೋನ್ ಹಿಡಿದು ನಿಂತಾಗ ದೊಡ್ಡ ಕಂಪನಿ ಮೊದಲು ತನ್ನ ಮನೆಯವರಿಗೆ ಬಡಿಸುತ್ತಿತ್ತು. ಉಳಿದರೆ ಬಾಡಿಗೆಯವರಿಗೆ.

"ಯಾಕೇ ಹಂಗ್ ನಿಂತಿದೀಯ?" ಎಂದಳು ಅಕ್ಕ.

ಹೇಳಿದೆ. ಅವಳು ಅಲಸಂದೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಆದರೆ ಆಮೇಲೆ ಜನ ಕರಗಿ ಸಿಗ್ನಲ್ಲು ಸರಿಹೋಗುವ ತನಕ ಒಂದೊಂದು ಕಾಯಿಗೂ ಒಂದು ಸಲ ಕೊರಳಿನ ಫೋನನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಭಾವನಿಗೆ ಹೇಳಿದಾಗ ಅವರು ಇದನ್ನು ಗಾಳಿಗೆ ತೂರಿದರು. "ಜಾತ್ರೇಲಿ ಎಲ್ರದ್ದೂ ಅಂಗೇ ಕಣಮ್ಮ. ಅದಕ್ಕೆಲ್ಲ ಹೆದರ್ಕೊಂಡ್ರೆ ಆಯ್ತದಾ?" ಅಕ್ಕನ ನಂಬರನ್ನು ಹಳೇ ಕಂಪನಿಗೇ ವಾಪಸ್ ಮಾಡಿಸಿ ಎಂದೆ. ಅವರು ಊಟದ ತಟ್ಟೆ ಬಿಟ್ಟು ಎದ್ದರು. ಅಕ್ಕ ನನ್ನ ತೊಡೆ ಚಿವುಟಿದಳು. ಭಾವ ಅದಕ್ಕೂ ಮುಂಚೆ ಎರಡು ಮೂರು ವ್ಯಾಪಾರಗಳಲ್ಲಿ ಕೈ ಸುಟ್ಟುಕೊಂಡವರು. ಈ ಬೋರ್ಡು ಏರಿದ ಮೇಲೆಯೇ ಬೀದಿಯಲ್ಲಿ ಜನ ಅವರನ್ನು ಸಾರ್ ಅನ್ನತೊಡಗಿದ್ದು. "ಅವರ ಮಖ ನೋಡೇ, ಎಷ್ಟ್ ವರ್ಷ ಆಗಿತ್ತು ಹಿಂಗ್ ನಗ್ತಾ ಓಡಾಡಿ" ಎಂದಳು ಅಕ್ಕ.

ಅದಕ್ಕೆ ನಾವಿಬ್ಬರೂ ಕದ್ದು ಒಂದು ಕೆಲಸ ಮಾಡಿದೆವು. ಮುಂದಿನ ಡಯಾಲಿಸಿಸ್ ದಿನ ಕೋಆರ್ಡಿನೇಟರ್ ಹುಡುಗಿಯ ಹತ್ತಿರ ಹೋಗಿ, ಅಕ್ಕನ ನಂಬರು ಸಿಗದಿದ್ದರೆ ನನ್ನ ನಂಬರಿಗೆ ಮಾಡಬೇಕು ಎಂದು ಹೇಳಿ ಬರೆಸಿದೆವು. ಅಕ್ಕ ರುಜು ಹಾಕಿದಳು. ಭಾವನಿಗೆ ಹೇಳಲಿಲ್ಲ. ನಾನು ಒಂದು ಬೇರೆ ಸಿಮ್ ಕೂಡ ಕೊಂಡು ತಂದು, ಫೋನಿನಲ್ಲಿ ಎರಡನೇ ಜಾಗ ಖಾಲಿ ಇದೆಯಲ್ಲ, ಹಾಕಿಕೋ ಎಂದೆ. ಅವಳು ಅದನ್ನು ಸಾಸಿವೆ ಡಬ್ಬಿಯೊಳಗೆ ಇಟ್ಟುಬಿಟ್ಟಳು. ದಿನಾ ರಾತ್ರಿ ಭಾವ ಅವಳ ಫೋನು ಚಾರ್ಜಿಗೆ ಹಾಕುವಾಗ ಪರದೆಯ ಮೇಲೆ ಬೇರೆ ಕಂಪನಿಯ ಹೆಸರು ಕಂಡರೆ ನೊಂದುಕೊಳ್ಳುತ್ತಾರಂತೆ. "ನಿನ್ ನಂಬರ್ ಕೊಟ್ಟಾಯ್ತಲ್ಲ, ನಿಂಗೆ ಬಂದ್ರೆ ನಂಗ್ ಬಂದಂಗೆ ಬುಡು" ಎಂದಳು. ನನಗೂ ಹಾಗೇ ಅನ್ನಿಸಿತು. ನಜರ್‌ಬಾದಿನಿಂದ ಒಂಟಿಕೊಪ್ಪಲೇನು ದೂರವೇ, ಆಟೋ ಹತ್ತಿದರೆ ಆಯಿತು.

ಆ ಚಳಿಗಾಲ ಪೂರ್ತಿ ನನಗೆ ಏನೋ ಸರಿಯಿಲ್ಲ ಎಂದು ಅನ್ನಿಸುತ್ತಲೇ ಇತ್ತು. ಒಂದೊಂದಾಗಿ ಕಾಣುತ್ತಿದ್ದವು, ಯಾವುದೂ ದೊಡ್ಡದಲ್ಲ. ರೀಚಾರ್ಜು ಮಾಡಿದರೆ ದುಡ್ಡು ಹೋಗುತ್ತಿತ್ತು, ಮಾತಿನ ನಿಮಿಷ ಬರಲು ಮಧ್ಯಾಹ್ನವಾಗುತ್ತಿತ್ತು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ಮೊದಲು ಮನುಷ್ಯರು ಮಾತಾಡುತ್ತಿದ್ದರು, ಆಮೇಲೆ ಬರೀ ಸಂಗೀತ, ಆಮೇಲೆ ಅದೂ ಇಲ್ಲ, ಸುಮ್ಮನೆ ಒಂದು ಮೌನ, ಯಾರೋ ಆ ಕಡೆ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿರುವಂಥದ್ದು. ಹೊಸ ಸಿಮ್ಮುಗಳ ಡಬ್ಬ ಬರುವುದು ನಿಂತಿತು. ಮ್ಯಾನೇಜರ್ ಭಾನುವಾರದ ಕಾಫಿಗೆ ಬರುವುದನ್ನು ಬಿಟ್ಟ. ಒಂದು ದಿನ ನಾನು ಅಂಗಡಿಯಲ್ಲಿದ್ದಾಗ ಆತನ ಫೋನು ಬಂತು, ಭಾವನಿಗೆ ಏನೇನೋ ಸಮಾಧಾನ ಹೇಳಿದ. ಪರದೆಯ ಮೇಲೆ ನಂಬರು ನೋಡಿದೆ. ಅದು ಆತ ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಂಡಿದ್ದ ನಂಬರಲ್ಲ.

"ಭಾವ, ಆ ಮನುಷ್ಯನೇ ಬೇರೆ ಸಿಮ್‌ನಿಂದ ಮಾಡ್ತಿದಾನೆ" ಅಂದೆ.

ಭಾವ ಫೋನನ್ನು ಗಲ್ಲಾದೊಳಗೆ ಹಾಕಿದರು. ಆಮೇಲೆ, "ಟವರು ಭೋಗ್ಯಕ್ಕಿದೆ ಕಣಮ್ಮ. ಗಂಟು ವಾಪಸ್ ಕೊಡದೆ ಎಂಗೆ ಎಬ್ಬಿಸ್ತಾರೆ ಹೇಳು" ಅಂದರು. ಆವತ್ತು ಅವರು ಅದನ್ನು ನನಗೆ ಹೇಳಿದರೋ ತಮಗೆ ತಾವೇ ಹೇಳಿಕೊಂಡರೋ ತಿಳಿಯಲಿಲ್ಲ. ಬೀದಿಯವರು ಬಂದು ಕೇಳಿದರೂ ಇದೇ ಉತ್ತರ. ಅವರೂ ತಲೆಯಾಡಿಸಿ ಹೋಗುತ್ತಿದ್ದರು. ಬೇರೆ ಊರಿನವರಾಗಿದ್ದರೆ ಅಷ್ಟರಲ್ಲಿ ಎಲ್ಲರೂ ಬೇರೆ ಕಂಪನಿಗೆ ಓಡಿರುತ್ತಿದ್ದರು. ನಮ್ಮವರಿಗೆ ಮನೆಯೊಳಗೆ ಕೂತಿದ್ದರೆ ಯಾರೂ ಅಲುಗಾಡಿಸಲಾರರು ಎಂಬ ಧೈರ್ಯ.

ಪರೀಕ್ಷೆಗಳು ನಡೆಯುತ್ತಿದ್ದ ಕಾಲ. ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಬೆಳಗಿನ ಕಾಫಿ ಇನ್ನೂ ಬಂದಿರಲಿಲ್ಲ. ಫೋನು ಬಂತು. ಆಸ್ಪತ್ರೆಯ ಹುಡುಗಿ.

"ಮೇಡಂ, ನಿಮ್ಮ ಅಕ್ಕನ ಫೋನ್ ಹತ್ತುತ್ತಿಲ್ಲ. ಒಂದು ಕಿಡ್ನಿ ಬಂದಿದೆ, ಬ್ಲಡ್ ಗ್ರೂಪ್ ಸರಿ ಇದೆ. ಈ ಸಲ ಅವರ ಹೆಸರೇ ಮೊದಲು ಇರೋದು. ಏನೂ ತಿನ್ನಬಾರದು, ಕುಡಿಯಬಾರದು, ತಕ್ಷಣ ಕರ್ಕೊಂಡ್ ಬನ್ನಿ. ಜ್ವರ ಗಿರ ಇದೆಯಾ ಅಂತ ನಾನೇ ಅವರ ಹತ್ರ ಕೇಳ್ಬೇಕು, ಒಂದ್ಸಲ ಮಾತಾಡ್ಸಿ."

ನನಗೆ ನಗು ಬಂತು, ಅಳು ಬಂತು. "ಕರ್ಕೊಂಡೇ ಬಂದೆ" ಎಂದೆ. ಕೆಂಪು ಪೆನ್ನಿನ ಮುಚ್ಚಳವನ್ನೂ ಹಾಕಲಿಲ್ಲ. ಅಕ್ಕನಿಗೆ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎನ್ನುವ ಆ ದನಿ ಕೂಡ ಬರಲಿಲ್ಲ ಈ ಸಲ. ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದಿತು. ಭಾವನಿಗೆ ಮಾಡಿದೆ, ಅದೂ ಅಸ್ತಿತ್ವದಲ್ಲಿಲ್ಲ. ಎದುರು ಮನೆಯವರಿಗೆ ಮಾಡಿದೆ, ಪಕ್ಕದ ಮನೆಯವರಿಗೆ ಮಾಡಿದೆ, ಹೂವಿನಮ್ಮನಿಗೂ ಮಾಡಿದೆ. ನನ್ನ ಫೋನಿನಲ್ಲಿದ್ದ ಆ ಬೀದಿಯ ಒಂದು ನಂಬರೂ ಅಸ್ತಿತ್ವದಲ್ಲಿರಲಿಲ್ಲ. ಒಂದು ಇಡೀ ಬೀದಿ ಇಲ್ಲದೆ ಹೋಗಿತ್ತು. ಅಲ್ಲಿ ಎಲ್ಲರನ್ನೂ ಒಂದೇ ಕಂಪನಿಗೆ ಸೇರಿಸಿದ್ದು ನಮ್ಮ ಭಾವನೇ.

ಆಟೋ ಹಿಡಿದು ಒಂಟಿಕೊಪ್ಪಲಿಗೆ ಹೋದೆ. ಅಂಗಡಿಯ ಷಟರ್ ಎಳೆದಿತ್ತು. ಮುಂದೆ ಜನ. ಎಲ್ಲರ ಕೈಯಲ್ಲೂ ಸತ್ತ ಫೋನು. ಬೆಳಿಗ್ಗೆ ಎದ್ದು ನೋಡಿದರೆ ಯಾರದ್ದೂ ಕೆಲಸ ಮಾಡುತ್ತಿಲ್ಲ, ಮುಂಗಡದ ದುಡ್ಡು ಮುಗಿಯಿತೆಂದು ದೊಡ್ಡ ಕಂಪನಿಯವರು ಈ ಕಂಪನಿಗೆ ದಾರಿ ಮುಚ್ಚಿದ್ದಾರೆ ಎಂದು ಯಾರೋ ಟೀವಿಯಲ್ಲಿ ನೋಡಿದ್ದರು. ಬೇರೆ ಕಂಪನಿಗೆ ಹೋಗೋಣವೆಂದರೆ ಪೋರ್ಟಿನ ಕೋಡು ಮೆಸೇಜಿನಲ್ಲಿ ಬರಬೇಕು, ಮೆಸೇಜು ಬರಲು ಸಿಗ್ನಲ್ಲು ಬೇಕು. ಒಬ್ಬರು ನನ್ನನ್ನು ನೋಡಿ, "ಎಲ್ಲೋದ್ರಮ್ಮ ನಿಮ್ ಭಾವ? ನಮ್ ನಂಬರ್‌ಗೆ ಏನ್ ಗತಿ?" ಎಂದು ಜೋರು ಮಾಡಿದರು. ನಾನು ಅವರನ್ನು ತಳ್ಳಿಕೊಂಡೇ ಮನೆಗೆ ಓಡಿದೆ. ಬೀಗ.

"ಸ್ಕೂಟರಲ್ಲಿ ಇಬ್ರೂ ಹೋದ್ರು ಕಣವ್ವ, ಆಸ್ಪತ್ರೆಗೇ ಇರ್ಬೇಕು" ಎಂದರು ಎದುರು ಮನೆಯ ಅಜ್ಜಿ. ಅಕ್ಕ ಸ್ಕೂಟರಿನ ಹಿಂದೆ ಕೂತರೆ ಆ ಬೀದಿಗೆ ಅದು ಆಸ್ಪತ್ರೆಯೇ. ಬೇರೆ ಎಲ್ಲಿಗೂ ಅವಳು ಹೋಗುತ್ತಿರಲಿಲ್ಲ. ನನಗೆ ಎದೆ ಹಗುರಾಯಿತು. ಡಯಾಲಿಸಿಸ್ ದಿನವಲ್ಲ, ಫೋನು ಸತ್ತಿದೆ ಎಂದು ತಿಳಿಸಲು ಹೋಗಿರುತ್ತಾಳೆ, ದೇವರು ದೊಡ್ಡವನು, ಅವಳು ಆಗಲೇ ಅಲ್ಲಿದ್ದಾಳೆ ಎಂದುಕೊಂಡು ಆಟೋದವನಿಗೆ ಆಸ್ಪತ್ರೆ ಎಂದೆ.

ಆಸ್ಪತ್ರೆ ಊರಿನ ಇನ್ನೊಂದು ತುದಿಗೆ. ದಾರಿಯಲ್ಲಿ ಹುಡುಗಿಯ ಫೋನು ಮತ್ತೆ ಬಂತು. ಅಕ್ಕ ಇನ್ನೂ ಕೈಗೆ ಸಿಕ್ಕಿಲ್ಲ ಎಂದರೆ ಮುಂದಿನವರಿಗೆ ಕೊಟ್ಟುಬಿಡುತ್ತಾರೆಂಬ ಭಯಕ್ಕೆ "ಬರ್ತಾ ಇದೀವಿ" ಎಂದೆ. "ಅಮ್ಮನ ಹತ್ರ ಕೊಡಿ" ಎಂದಳು. "ಸಿಗ್ನಲ್ ಸರಿ ಇಲ್ಲ" ಎಂದು ಕಟ್ ಮಾಡಿದೆ. ಡಯಾಲಿಸಿಸ್ ವಾರ್ಡಿಗೆ ಓಡಿದೆ. ಅಕ್ಕನ ಹಾಸಿಗೆಯ ಮೇಲೆ ಬೇರೆ ಯಾರೋ ಮಲಗಿದ್ದರು. ಔಷಧಿ ಅಂಗಡಿ ನೋಡಿದೆ, ಕ್ಯಾಂಟೀನು ನೋಡಿದೆ, ಹೆಂಗಸರ ಶೌಚಾಲಯದ ಬಾಗಿಲುಗಳನ್ನೆಲ್ಲ ಬಡಿದು ಅಕ್ಕ ಅಕ್ಕ ಎಂದು ಕೂಗಿದೆ. ಒಳಗಿದ್ದವರು ಬೈದರು. ಮೆಟ್ಟಿಲ ಹತ್ತಿರ ಆ ಹುಡುಗಿಯೇ ಎದುರಾದಳು. ನನ್ನ ಹಿಂದೆ ನೋಡಿದಳು, ಯಾರೂ ಇರಲಿಲ್ಲ.

ಸುಳ್ಳು ಹೇಳಿದ್ದಕ್ಕೆ ಅವಳು ಬೈಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡುತ್ತೇನೆ ಎಂದಳು. ನಾನು ಅವಳ ಕೈ ಹಿಡಿದುಕೊಂಡು ಕೂತೆ. ಎಲ್ಲಿಗೆ ಹೋಗಲಿ, ಯಾರಿಗೆ ಮಾಡಲಿ? ಮತ್ತೆ ಮತ್ತೆ ಅಕ್ಕನ ನಂಬರು ಒತ್ತುತ್ತಿದ್ದೆ. ಆಮೇಲೆ ಒಳಗಿನಿಂದ ಯಾರೋ ಡಾಕ್ಟರು ಅವಳನ್ನು ಕರೆದರು. ಹೊರಗೆ ಬಂದಾಗ ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. "ಸಾರಿ ಮೇಡಂ, ಮುಂದಿನವರು ಬಂದು ಕಾಯ್ತಾ ಇದಾರೆ. ಇನ್ನು ನಿಲ್ಸೋಕಾಗಲ್ಲ" ಎಂದಳು.

ಒಂಟಿಕೊಪ್ಪಲಿಗೆ ವಾಪಸ್ ಬಂದು ಅಕ್ಕನ ಮನೆಯ ಜಗುಲಿಯ ಮೇಲೆ ಕೂತೆ. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಸ್ಕೂಟರು ಬಂತು. ಭಾವನನ್ನು ಬೀದಿಯ ತುದಿಯಲ್ಲೇ ಜನ ಮುತ್ತಿಕೊಂಡರು. ಅಕ್ಕ ಇಳಿದು ನಡೆದು ಬಂದಳು, ಕೈಯಲ್ಲಿ ಒಂದು ಕಟ್ಟು ಮಲ್ಲಿಗೆ.

"ನೀನ್ ಯಾವಾಗ್ ಬಂದ್ಯೇ? ಇಸ್ಕೂಲ್ ಇರ್ಲಿಲ್ವಾ?" ಎಂದಳು. ಬಾಗಿಲು ತೆಗೆಯುತ್ತ ಎಲ್ಲ ಹೇಳಿದಳು. ಬೆಳಿಗ್ಗೆ ಜನ ಬಂದು ಗಲಾಟೆ ಮಾಡಿದಾಗ ಭಾವ ನಡುಗುತ್ತಿದ್ದರಂತೆ. ಕಂಪನಿಯ ಆಫೀಸಿಗೇ ಹೋಗಿ ಆ ಮ್ಯಾನೇಜರನ ಕತ್ತಿನ ಪಟ್ಟಿ ಹಿಡಿಯುತ್ತೇನೆ ಎಂದು ಸ್ಕೂಟರ್ ತೆಗೆದರಂತೆ. ಏನಾದರೂ ಮಾಡಿಕೊಂಡಾರು ಎಂದು ಇವಳೂ ಹಿಂದೆ ಹತ್ತಿ ಕೂತಳಂತೆ. ಆಫೀಸಿಗೆ ಬೀಗ. ಅದರ ಮೆಟ್ಟಿಲ ಮೇಲೆ ಇಷ್ಟು ಹೊತ್ತು ಕೂತು, ಯಾರೂ ಬಾರದೆ, ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದರಂತೆ.

"ಎಲ್ಲಿ ಆಫೀಸು?" ಎಂದೆ.

"ನಿಮ್ ನಜರ್‌ಬಾದಲ್ಲೇ ಕಣೆ. ನಿನ್ ಇಸ್ಕೂಲ್ ಹಿಂದಿನ್ ಬೀದಿ. ನಿಮ್ ಗಂಟೆ ಹೊಡಿಯೋದೂ ಕೇಳುಸ್ತು. ನಿಂಗೊಂದ್ ಫೋನ್ ಮಾಡಾಣ ಅಂದ್ರೆ ಇದು ಹತ್ತಲಿಲ್ಲ. ಒಳಕ್ ಬರಾಣ ಅಂದ್ಕೊಂಡೆ, ಪರೀಕ್ಷೆ ನಡೀತಿರುತ್ತೆ, ಯಾಕ್ ತೊಂದ್ರೆ ಅಂತ ಬುಟ್ಬುಟ್ಟೆ."

ಹೇಳಬಾರದಿತ್ತೋ ಏನೋ. ಆದರೆ ನನ್ನ ಮುಖ ನೋಡಿದ ಮೇಲೆ ಅವಳು ಬಿಡಲಿಲ್ಲ. ಹೇಳಿದೆ. ಅವಳು ಗೋಡೆಗೆ ಒರಗಿ ಕೂತಳು. ಹೊರಗೆ ಭಾವ ಯಾರಿಗೋ ಕೈಮುಗಿದು ಏನೋ ಹೇಳುತ್ತಿರುವುದು ಕೇಳಿಸುತ್ತಿತ್ತು. ಅಕ್ಕ ಮಲ್ಲಿಗೆಯನ್ನು ನೆಲದ ಮೇಲಿಟ್ಟು, "ಆ ಮುಂದ್ನೋರಿಗೆ ಫೋನ್ ಹತ್ತಿತ್ತಾ?" ಎಂದು ಕೇಳಿದಳು. ಹೂಂ ಎಂದೆ. "ಹೋಗ್ಲಿ ಬುಡು, ಅವ್ರಿಗಾದ್ರೂ ಹತ್ತಿತಲ್ಲ" ಎಂದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವಳು ನನ್ನ ಬಾಯಿಗೆ ಸೆರಗು ಒತ್ತಿದಳು. "ಅವ್ರಿಗೆ ಕೇಳುಸ್ತದೆ ಕಣೆ. ಅವ್ರಿಗೆ ಯಾವತ್ತೂ ಹೇಳ್ಬೇಡ. ನನ್ನಾಣೆ. ಗೊತ್ತಾದ್ರೆ ಅವ್ರು ಉಳಿಯಲ್ಲ."

ಆಮೇಲೆ ಅಕ್ಕ ಹೊಸ ಸಿಮ್ ಹಾಕಿಸಿಕೊಂಡಳು, ಹೊಸ ನಂಬರು ಬರೆಸಿದಳು, ಫೋನನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು. ಭಾವ ಬೋರ್ಡು ಕಿತ್ತು ಹಾಕಿ, ಬೀದಿಯವರ ಬೈಗುಳ ತಿಂದು, ಮತ್ತೆ ಕವರು ಚಾರ್ಜರು ಮಾರಿಕೊಂಡು ಕೂತರು. ಮನೆಗೆ ಯಾರೇ ಬಂದರೂ ಒಂದು ಮಾತು ತಪ್ಪದೆ ಹೇಳುತ್ತಿದ್ದರು. "ನಂ ಯಾಪಾರ ಹೋದ್ರೆ ಹೋಯ್ತು. ಸದ್ಯ, ಆವತ್ತೇ ಆಸ್ಪತ್ರೆಯಿಂದ ಫೋನ್ ಬರ್ಲಿಲ್ವಲ್ಲ, ದೇವ್ರು ಕಣ್ ಬುಟ್ಟ." ಅಕ್ಕ ಅಲ್ಲೇ ಕೂತು, "ಹೂಂ, ಬರ್ಲಿಲ್ಲ" ಎನ್ನುತ್ತಿದ್ದಳು. ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಅಕ್ಕನ ಹೆಸರು ಮತ್ತೆ ಮೊದಲಿಗೆ ಬರಲಿಲ್ಲ. ಮಳೆಗಾಲದಲ್ಲಿ ಎದೆಯಲ್ಲಿ ನೀರು ತುಂಬಿ ತೀರಿಹೋದಳು.

ಭಾವ ಪುಸ್ತಕ ಓದುವವರಲ್ಲ, ನಾನು ಬರೆಯುತ್ತೇನೆ ಎನ್ನುವುದೂ ಅವರಿಗೆ ಸರಿಯಾಗಿ ಗೊತ್ತಿಲ್ಲ. ಆ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹದಿಮೂರನೆಯ ದಿನ ವೈಕುಂಠ ಸಮಾರಾಧನೆಗೆ ಬೀದಿಯವರೆಲ್ಲ ಬಂದಿದ್ದರು. ಬೈದವರೂ ಬಂದಿದ್ದರು. ಭಾವ ಎಲ್ಲರ ಮುಂದೆ ನೆಲ ನೋಡುತ್ತ ಕೂತು, "ಅಷ್ಟ್ ದಿನ ಕಾದ್ಲು. ಒಂದೇ ಒಂದ್ ಸಲ ಫೋನ್ ಬಂದಿದ್ರೆ ಎತ್ಕೊಂಡೇ ಓಡ್ತಿದ್ದೆ ಕಣ್ರೀ. ಒಂದ್ ಸಲನೂ ಬರ್ಲಿಲ್ಲ" ಎಂದರು. ಭಾವ ತಲೆ ಎತ್ತಿ, ಅಕ್ಕ ದಿನಾ ಕೂರುತ್ತಿದ್ದ ಗೋಡೆಯ ಕಡೆ ನೋಡಿ, ಆಮೇಲೆ ನನ್ನ ಕಡೆ ತಿರುಗಿ, "ಬರ್ಲಿಲ್ಲ ಅಲ್ವೇನಮ್ಮ?" ಎಂದು ಕೇಳಿದರು.

"ಇಲ್ಲ ಭಾವ, ಬರಲಿಲ್ಲ" ಅಂದೆ.